ಏಡಿ ನೀಹಾರಿಕೆಯ ಒಳಗುಟ್ಟು ಹಿಡಿದ ನೈಜೀರಿಯನ್
ಸ್ಯಾಮ್ಯುಯೆಲ್ ಎಜಿಕೆಮೆ ಒಕೊಯೆ (1939–2009)

ರೇಡಿಯೊ ಖಗೋಳವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಆಫ್ರಿಕನ್ ಎಂಬ ಹೆಗ್ಗಳಿಕೆ ಸ್ಯಾಮ್ಯುಯೆಲ್ ಒಕೊಯೆ ಅವರದು. ನೈಜೀರಿಯಾದ ಇಬಾದಾನ್‌ನಲ್ಲಿ ಭೌತವಿಜ್ಞಾನ ಓದಿ, ಹೆಚ್ಚಿನ ಸಂಶೋಧನೆಗೆ ಇಂಗ್ಲೆಂಡಿನ ಕೇಂಬ್ರಿಜ್ ಸೇರಿದರು.

ಮಿನುಗು ಕೊಟ್ಟ ಸುಳಿವು
ಏಡಿ ನೀಹಾರಿಕೆಯು ಕ್ರಿ.ಶ. 1054ರಲ್ಲಿ ಚೀನೀಯರು ಕಂಡ ಸೂಪರ್‌ನೋವಾದ ಅವಶೇಷ. ದೂರ ಸುಮಾರು 6,500 ಜ್ಯೋತಿರ್ವರ್ಷ. ಸೂರ್ಯನಿಂದ ಹೊಮ್ಮುವ ಸೌರಮಾರುತದ ಮೂಲಕ ಹಾದುಬರುವ ರೇಡಿಯೊ ಅಲೆಗಳು, ಅವುಗಳ ಆಕರ ತೀರಾ ಕಿರಿದಾಗಿದ್ದರೆ ಮಾತ್ರ ಮಿನುಗುತ್ತವೆ. ನಕ್ಷತ್ರ ಮಿನುಗಿ, ಗ್ರಹ ಸ್ಥಿರವಾಗಿ ಬೆಳಗುವ ಹಾಗೆ. ಈ ಮಿನುಗನ್ನು ಅಳೆದ ಒಕೊಯೆ ಮತ್ತು ಮಾರ್ಗದರ್ಶಕ ಆಂಟನಿ ಹ್ಯೂಯಿಶ್, ನೀಹಾರಿಕೆಯೊಳಗೆ ಅತಿ ಪುಟ್ಟದಾದ, ಅಸಾಧಾರಣ ಪ್ರಖರತೆಯ ರೇಡಿಯೊ ಆಕರವಿದೆ ಎಂದು 1965ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗಿನ್ನೂ ಪಲ್ಸಾರ್‌ಗಳ ಪರಿಚಯವೇ ಜಗತ್ತಿಗಿರಲಿಲ್ಲ. 1968ರಲ್ಲಿ ಅಲ್ಲೇ ಒಂದು ಪಲ್ಸಾರ್ ಪತ್ತೆಯಾಯಿತು: ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುವ ನ್ಯೂಟ್ರಾನ್ ನಕ್ಷತ್ರ.

ತಾಯ್ನಾಡಿನಲ್ಲಿ
ಒಕೊಯೆ ತಾಯ್ನಾಡಿಗೆ ಮರಳಿ ಅಧ್ಯಾಪಕರಾದರು. 1967–70ರ ಅಂತರ್ಯುದ್ಧ ನ್ಸುಕ್ಕಾದ ನೈಜೀರಿಯಾ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿಸಿತ್ತು. ಯುದ್ಧ ಮುಗಿದು ಎರಡೇ ವರ್ಷಕ್ಕೆ, 1972ರಲ್ಲಿ, ಅಲ್ಲಿ ಬಾಹ್ಯಾಕಾಶ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಖಗೋಳವಿಜ್ಞಾನದ ಬೋಧನೆ, ಸಂಶೋಧನೆಗಳಿಗೆ ಅದು ನೆಲೆಯಾಯಿತು.

ನೀವೂ ನೋಡಿ
ಚಳಿಗಾಲದ ಸ್ವಚ್ಛ ರಾತ್ರಿಯಲ್ಲಿ, ವೃಷಭ ರಾಶಿಯ ಕೊಂಬಿನ ತುದಿಯ ಬಳಿ, ಚಿಕ್ಕ ದೂರದರ್ಶಕದಲ್ಲೂ ಏಡಿ ನೀಹಾರಿಕೆ ಮಸುಕು ಮಚ್ಚೆಯಾಗಿ ಕಾಣುತ್ತದೆ.