ಟಪಾಲಿನಲ್ಲಿ ಬಂದ ಜೂಜು

ಆನ್‌ಲೈನಿನಲ್ಲಿ ಹಣವೊಡ್ಡಿ ಆಡುವ ಆಟಗಳನ್ನೆಲ್ಲ ಒಂದೇ ಏಟಿಗೆ ನಿಷೇಧಿಸುವ ಮಸೂದೆ 2025ರ ಆಗಸ್ಟ್ ತಿಂಗಳಿನಲ್ಲಿ ಪಾರ್ಲಿಮೆಂಟಿನ ಮುಂದೆ ಬಂದಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಮೂರು ದಿನಗಳಲ್ಲಿ ಎಲ್ಲವೂ ಮುಗಿಯಿತು. ಆ ವಾರ ಹೋಟೆಲಿನಲ್ಲಿ ಕಾಫಿ ಕುಡಿಯುವವರ ಬಾಯಲ್ಲೂ ಬಸ್ಸಿಗೆ ಕಾಯುವವರ ಬಾಯಲ್ಲೂ ಇದೇ ಮಾತು. “ಈ ಮೊಬೈಲ್ ಬಂದು ಸಂಸಾರಗಳು ಹಾಳಾದುವು” ಎಂದರು ಕೆಲವರು. “ಜಾಣತನದಿಂದ ಆಡಿ ಗೆದ್ದರೆ ಸರ್ಕಾರಕ್ಕೇನು ಹೊಟ್ಟೆಯುರಿ?” ಎಂದರು ಇನ್ನು ಕೆಲವರು. ಎರಡು ಪಕ್ಷದವರಿಗೂ ಒಂದು ವಿಷಯದಲ್ಲಿ ಮಾತ್ರ ಒಮ್ಮತವಿದ್ದಂತೆ ಕಂಡಿತು: ಈ ಪೀಡೆ ನಮ್ಮ ಕಾಲಕ್ಕೇ ಹೊಸದಾಗಿ ಬಂದದ್ದು ಎಂಬುದರಲ್ಲಿ.

ನನಗೆ ಹಾಗೆ ತೋರುವುದಿಲ್ಲ. ಇದೇ ವ್ಯಾಜ್ಯ, ಇದೇ ವಾದ ಪ್ರತಿವಾದ, ಸುಮಾರು ಎಪ್ಪತ್ತು ವರ್ಷಗಳ ಹಿಂದೆ ನಮ್ಮ ಬೆಂಗಳೂರಿನ ಒಂದು ಪತ್ರಿಕೆಯಿಂದಲೇ ಹೊರಟು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಆಗ ಮೊಬೈಲ್ ಇರಲಿಲ್ಲ, ಅಂಚೆ ಇತ್ತು. ರಮ್ಮಿಯ ಜಾಗದಲ್ಲಿ ಪದಬಂಧವಿತ್ತು.

ಪದಬಂಧದಂಥ ಸಾಧುವಾದ ಆಟವೂ ಕೋರ್ಟಿಗೆ ಹೋಯಿತೇ ಎಂದು ವಾಚಕರು ಹುಬ್ಬೇರಿಸಬಹುದು. ಅದರ ಹುಟ್ಟಂತೂ ನಿರಪಾಯವಾದದ್ದೇ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಎಂಬ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಓದುಗರ ವಿನೋದಕ್ಕೆಂದು ವಜ್ರದಾಕೃತಿಯ ಒಂದು ಚೌಕುಳಿಯನ್ನು ಅಚ್ಚು ಹಾಕಿಸಿದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಜನಕ್ಕೆ ಅದರ ಹುಚ್ಚು ಹಿಡಿಯಿತು. ಅಲ್ಲಿಂದ ಇಂಗ್ಲೆಂಡಿಗೂ, ಇಂಗ್ಲಿಷ್ ಪತ್ರಿಕೆಗಳ ಬೆನ್ನುಹತ್ತಿ ನಮ್ಮ ದೇಶಕ್ಕೂ ಅದು ಬಂದಿತು. ಇಲ್ಲಿ ಅದಕ್ಕೆ ಬೇಕಾದ ದಾರಿಯೆಲ್ಲ ಮೊದಲೇ ಸಿದ್ಧವಾಗಿತ್ತು. ಕಾಲಾಣೆಯ ಕಾರ್ಡು 1879ರಲ್ಲಿ, ಮನಿಯಾರ್ಡರು 1880ರಲ್ಲಿ ಬಂದಿದ್ದುವು. ಎಲ್ಲಿಯೋ ಕುಳಿತವನು ಇನ್ನೆಲ್ಲಿಯೋ ಇರುವವನಿಗೆ, ಮುಖಪರಿಚಯವಿಲ್ಲದೆ, ನಂಬಿ ಹಣ ಕಳುಹಿಸುವ ಅನುಕೂಲ ನಮ್ಮ ಹಳ್ಳಿಗಾಡಿಗೂ ದೊರೆತದ್ದು ಆಗಲೇ.

ಬಹುಮಾನದ ಪದಬಂಧ ಜೂಜಾದ ಬಗೆಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಉದಾಹರಣೆ ನಾನೇ ಕಟ್ಟಿದ್ದು. “ಇದು ಹೆಚ್ಚಾದವನಿಗೆ ನಿದ್ದೆ ಬಾರದು” ಎಂಬುದು ಸುಳಿವು. ಎರಡು ಮನೆ; ಎರಡನೆಯ ಮನೆಯಲ್ಲಿ ‘ಣ’ ಎಂದು ಅವರೇ ತುಂಬಿಕೊಟ್ಟಿದ್ದಾರೆ. ಉತ್ತರ ‘ಹಣ’ವೋ ‘ಋಣ’ವೋ? ಎರಡೂ ಸರಿ; ಲೋಕಾನುಭವ ಉಳ್ಳವರು ಎರಡನ್ನೂ ಒಪ್ಪುತ್ತಾರೆ. ಆದರೆ ಪತ್ರಿಕೆಯವರು ಮುಚ್ಚಿಟ್ಟಿರುವ ಉತ್ತರ ಯಾವುದೋ ಅದಕ್ಕೇ ಬಹುಮಾನ. ಇಂಥ ಸುಳಿವುಗಳು ಹತ್ತು ಇದ್ದರೆ ಉತ್ತರಗಳ ಜೋಡಣೆ 1,024 ಬಗೆಯಾಗುತ್ತದೆ. ನಿಘಂಟನ್ನು ಬಾಯಿಪಾಠ ಮಾಡಿದ ಪಂಡಿತನೂ, ಆಗತಾನೆ ಅಕ್ಷರ ಕಲಿತ ಹುಡುಗನೂ ಅಲ್ಲಿ ಒಂದೇ ಪಂಕ್ತಿ. ಒಂದೊಂದು ಕೂಪನ್ನಿಗೂ ಪ್ರವೇಶಧನ ಬೇರೆ. ಹೆಚ್ಚು ಕಳುಹಿಸಿದವನಿಗೆ ಆಸೆಯೂ ಹೆಚ್ಚು. ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶರಾಗಿದ್ದ ಲಾರ್ಡ್ ಹ್ಯೂವರ್ಟ್ ಅವರು 1930ರ ದಶಕದ ಒಂದು ಮೊಕದ್ದಮೆಯಲ್ಲಿ ಇದನ್ನು, ಕಾಸು ಕೊಟ್ಟು ಕಾಣದ ಗುರಿಗೆ ಕುರುಡುಗುಂಡು ಹೊಡೆಯುವುದಕ್ಕೆ ಹೋಲಿಸಿದ್ದರು.

ಇನ್ನು ಬೆಂಗಳೂರಿನ ಕಥೆಗೆ ಬರೋಣ. ಆರ್. ಎಂ. ಡಿ. ಚಮರ್‌ಬಾಗ್‌ವಾಲಾ ಎಂಬುವರು ಇಲ್ಲಿ ‘ಆರ್. ಎಂ. ಡಿ. ಸಿ. (ಮೈಸೂರ್) ಲಿಮಿಟೆಡ್’ ಎಂಬ ಕಂಪೆನಿಯನ್ನು ನಡೆಸುತ್ತಿದ್ದರು. ಅವರ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆ ಬೆಂಗಳೂರಿನಲ್ಲಿ ಮುದ್ರಣವಾಗುತ್ತಿತ್ತು. ಅದರ ಪದಬಂಧದ ಸ್ಪರ್ಧೆಗೆ ಮುಂಬಯಿ ರಾಜ್ಯದಲ್ಲಿ ಬಹಳ ಗಿರಾಕಿಗಳಿದ್ದರು. ಮೈಸೂರು ಸರ್ಕಾರ 1951ರ ತನ್ನ ಕಾಯಿದೆಯ ಮೇರೆಗೆ ಕಂಪೆನಿಗೆ ಲೈಸೆನ್ಸು ಕೊಟ್ಟು ತೆರಿಗೆ ಪಡೆಯುತ್ತಿತ್ತು. ಮುಂಬಯಿ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಅದರ 1948ರ ಕಾಯಿದೆಯಲ್ಲಿ ರಾಜ್ಯದ ಹೊರಗೆ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗೆ ವಿನಾಯಿತಿ ಇತ್ತು. ಆಟ ಬೆಂಗಳೂರಿನದು, ಹಣ ಮುಂಬಯಿಯದು, ತೆರಿಗೆ ಮೈಸೂರಿಗೆ! 1952ರಲ್ಲಿ ಮುಂಬಯಿಯವರು ಕಾಯಿದೆಯನ್ನು ತಿದ್ದಿ ಆ ವಿನಾಯಿತಿಯನ್ನು ತೆಗೆದುಹಾಕಿದರು. ಅದೇ ವರ್ಷ ಡಿಸೆಂಬರಿನಲ್ಲಿ ಕಂಪೆನಿ ಮುಂಬಯಿ ಹೈಕೋರ್ಟಿಗೆ ಹೋಯಿತು. ನಮ್ಮದು ವ್ಯಾಪಾರ, ವ್ಯಾಪಾರದ ಸ್ವಾತಂತ್ರ್ಯವನ್ನು ಸಂವಿಧಾನ ಕೊಟ್ಟಿದೆ, ಬೆಂಗಳೂರಿನಲ್ಲಿ ನಡೆಯುವ ಕೆಲಸಕ್ಕೆ ಮುಂಬಯಿ ಕೈ ಹಾಕಬಾರದು ಎಂಬುದು ಅದರ ವಾದದ ಸಾರ. ಹೈಕೋರ್ಟಿನಲ್ಲಿ ಗೆಲುವು ಕಂಪೆನಿಯದಾಯಿತು.

ಮುಂಬಯಿ ಸರ್ಕಾರ ಮೇಲ್ಮನವಿ ಸಲ್ಲಿಸಿತು. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನ ತೀರ್ಪು ಹೊರಬಿದ್ದಿತು. ಮುಖ್ಯ ನ್ಯಾಯಾಧೀಶರಾದ ಸುಧಿ ರಂಜನ್ ದಾಸ್ ಅವರು ಅದರಲ್ಲಿ ಋಗ್ವೇದದ ಜೂಜುಗಾರನ ಸೂಕ್ತದಿಂದ ಪಾಂಡವರ ಪಾಡಿನವರೆಗೆ ಎಲ್ಲವನ್ನೂ ನೆನೆದು, ಜೂಜು ವ್ಯಾಪಾರವೇ ಅಲ್ಲ, ಆದ್ದರಿಂದ ವ್ಯಾಪಾರಕ್ಕಿರುವ ರಕ್ಷಣೆ ಅದಕ್ಕಿಲ್ಲ ಎಂದರು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಅವರ ಇನ್ನೊಂದು ಮಾತು. ಪತ್ರಿಕೆಯ ಆಹ್ವಾನ ಮುಂಬಯಿಯ ಓದುಗನಿಗೆ ತಲಪುತ್ತದೆ. ಆತ ಕೂಪನ್ ತುಂಬುವುದು ಅಲ್ಲಿ, ಹಣ ಕಟ್ಟುವುದೂ ಅಲ್ಲಿ. ಆಟದ ಕೊನೆಯ ಕೆಲಸ ಬೆಂಗಳೂರಿನಲ್ಲಿ ನಡೆದರೆ ಏನಾಯಿತು? ಹಣ ಕಳೆದುಕೊಳ್ಳುವವನು ಇರುವ ಊರಿಗೆ ಹೇಳುವ ಹಕ್ಕು ಉಂಟು, ಎಂದು ಇದರ ತಾತ್ಪರ್ಯ. ಯಂತ್ರ ಎಲ್ಲಿದೆ ಎಂದು ಕೇಳದೆ ಮನೆ ಎಲ್ಲಿದೆ ಎಂದು ಕೇಳಿದ ತೀರ್ಪು ಇದು. ಇಂಟರ್‌ನೆಟ್ಟಿನ ಕಾಲಕ್ಕೂ ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನು ಕಂಡಿಲ್ಲ.

ಅದೇ ದಿನ ಅದೇ ಚಮರ್‌ಬಾಗ್‌ವಾಲಾ ಅವರ ಇನ್ನೊಂದು ಮೊಕದ್ದಮೆಯೂ ತೀರ್ಮಾನವಾಯಿತು. ಅದು ಕೇಂದ್ರ ಸರ್ಕಾರ 1955ರಲ್ಲಿ ಮಾಡಿದ ಬಹುಮಾನ ಸ್ಪರ್ಧೆಗಳ ಕಾಯಿದೆಯನ್ನು ಕುರಿತದ್ದು. ತಿಂಗಳಿಗೆ 1,000 ರೂಪಾಯಿಗಿಂತ ಹೆಚ್ಚು ಬಹುಮಾನ ಕೂಡದು, ಒಂದು ಸ್ಪರ್ಧೆಗೆ 2,000ಕ್ಕಿಂತ ಹೆಚ್ಚು ಪ್ರವೇಶಗಳನ್ನು ತೆಗೆದುಕೊಳ್ಳಕೂಡದು ಎಂದು ಆ ಕಾಯಿದೆ ಕಟ್ಟುಮಾಡಿತ್ತು. ಜೂಜಿನ ಹೊಟ್ಟೆಯನ್ನೇ ಕಿರಿದು ಮಾಡಿದರೆ ಹಸಿವು ತಾನೇ ಕಡಿಮೆಯಾಗುತ್ತದೆಂಬ ಉಪಾಯ! ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಅದು ಜೂಜಿನ ಸ್ಪರ್ಧೆಗಳಿಗೆ ಮಾತ್ರ ಸಲ್ಲುತ್ತದೆ, ಗೆಲುವು ಬಹುಮಟ್ಟಿಗೆ ಕೌಶಲವನ್ನು ಅವಲಂಬಿಸಿದ ಸ್ಪರ್ಧೆಗಳಿಗೆ ಸಲ್ಲದು ಎಂದಿತು.

‘ಕೌಶಲವೋ ಅದೃಷ್ಟವೋ’ ಎಂಬ ಈ ತಕ್ಕಡಿಯನ್ನೇ ನಮ್ಮ ಕೋರ್ಟುಗಳು ಮುಂದೆ ಬಹುಕಾಲ ಹಿಡಿದವು. 1968ರಲ್ಲಿ ಆಂಧ್ರಪ್ರದೇಶದ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ, ಬಿದ್ದ ಎಲೆಗಳನ್ನು ನೆನಪಿಡಬೇಕಾದ್ದರಿಂದ ರಮ್ಮಿ ಪ್ರಧಾನವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟು ಹೇಳಿತು. 1996ರಲ್ಲಿ ಕುದುರೆ ಪಂದ್ಯಕ್ಕೂ ಅದೇ ಮರ್ಯಾದೆ ಸಿಕ್ಕಿತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯಿದೆಯನ್ನು ತಿದ್ದಿ ಆನ್‌ಲೈನಿನ ಹಣದ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ಆ ತಿದ್ದುಪಡಿಯ ಮುಖ್ಯಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ಹಗ್ಗದಲ್ಲಿ ಕಟ್ಟಲಾಗದು ಎಂಬುದು ಅಲ್ಲಿಯೂ ಆಧಾರ. ಈ ನಡುವೆ 1968ರ ತೀರ್ಪಿನಲ್ಲಿದ್ದ ಇನ್ನೊಂದು ಮಾತು ಹಿಂದೆ ಸರಿಯಿತೆಂದು ನನ್ನ ಭಾವನೆ. ಪಣವೊಡ್ಡಿ ಆಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಯಜಮಾನ ಲಾಭ ಮಾಡಿಕೊಳ್ಳುತ್ತಿದ್ದರೆ, ಆಟ ರಮ್ಮಿಯಾದರೂ ಅಪರಾಧವಾಗಬಹುದು ಎಂದು ಅಲ್ಲಿಯೇ ಹೇಳಿತ್ತು. ಗಾಯವಿರುವ ಜಾಗಕ್ಕೆ ಬೆರಳಿಟ್ಟ ಮಾತು ಇದು.

ಆಟದ ಯಜಮಾನನ ಪಾಲು ಎಷ್ಟು ಹಳೆಯದೆಂದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಅದರ ಲೆಕ್ಕ ಸಿಗುತ್ತದೆ. ಮನು, ದ್ಯೂತವನ್ನು ರಾಜ್ಯದಿಂದಲೇ ಓಡಿಸು ಎಂದ. ಕೌಟಿಲ್ಯ ವ್ಯವಹಾರಜ್ಞ. ಒಂದೇ ಜಾಗದಲ್ಲಿ ಆಡಲಿ, ದಾಳಗಳನ್ನು ದ್ಯೂತಾಧ್ಯಕ್ಷನೇ ಕೊಡಲಿ, ಗೆದ್ದ ಹಣದಲ್ಲಿ ನೂರಕ್ಕೆ ಐದು ಅವನು ತೆಗೆದುಕೊಳ್ಳಲಿ ಎಂದ. ನಮ್ಮ ಸರ್ಕಾರಗಳು ಈ ಇಬ್ಬರ ನಡುವೆ ಓಲಾಡುತ್ತ ಬಂದಿವೆ. 1951ರಲ್ಲಿ ಮೈಸೂರು ಕೌಟಿಲ್ಯನ ಪಕ್ಷ. 1955ರ ಕೇಂದ್ರ ಅರ್ಧ ಮನುವಿನ ಪಕ್ಷ. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಆಟಗಾರರು ಕಟ್ಟುವ ಇಡೀ ಮೊತ್ತದ ಮೇಲೆ ನೂರಕ್ಕೆ 28ರಷ್ಟು ಜಿ.ಎಸ್‌.ಟಿ. ಹಾಕಿದಾಗ ಕೇಂದ್ರ ಮತ್ತೆ ಕೌಟಿಲ್ಯ. ಎರಡು ವರ್ಷ ತುಂಬುವ ಮೊದಲೇ ಪೂರ್ತಿ ಮನು. ಮೊದಲು ಪಾಲು, ಆಮೇಲೆ ಪಶ್ಚಾತ್ತಾಪ.

ಕೌಟಿಲ್ಯನ ದರದಲ್ಲಿಯೇ ಒಂದು ಲೆಕ್ಕ ಮಾಡಿ ನೋಡೋಣ. ಆರು ಜನ ತಲೆಗೆ ನೂರರಂತೆ 600 ರೂಪಾಯಿ ಹಾಕಿ ಕೂತಿದ್ದಾರೆ. ಪ್ರತಿ ಸುತ್ತಿನಲ್ಲೂ ಉಳಿದ ಹಣವನ್ನೆಲ್ಲ ಒಡ್ಡುತ್ತಾರೆ. ಯಜಮಾನ ನೂರಕ್ಕೆ ಐದು ತೆಗೆದುಕೊಳ್ಳುತ್ತಾನೆ. ಹತ್ತು ಸುತ್ತು ಮುಗಿದಾಗ ಆರು ಜನರ ಬಳಿ ಒಟ್ಟು ಉಳಿಯುವುದು 359 ರೂಪಾಯಿ. ಇಪ್ಪತ್ತು ಸುತ್ತಿಗೆ 215. ಆರು ಜನರೂ ಮಹಾಕುಶಲಿಗಳಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಕೌಶಲ ಇಷ್ಟನ್ನು ಮಾತ್ರ ತೀರ್ಮಾನಿಸುತ್ತದೆ: ಕರಗುತ್ತಿರುವ ಹಣದಲ್ಲಿ ಯಾರಿಗೆ ಎಷ್ಟು. ಪ್ರತಿ ಸುತ್ತಿನಲ್ಲೂ ತಪ್ಪದೆ ಗೆಲ್ಲುವವನು ಒಬ್ಬನೇ. ಅವನು ಎಲೆಯನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ಹೊಸ ಯಂತ್ರ ಏನನ್ನೂ ಬದಲಾಯಿಸಲಿಲ್ಲವೇ? ಬದಲಾಯಿಸಿತು, ಅದು ವೇಗವನ್ನು ಬದಲಾಯಿಸಿತು. ಟಪಾಲಿನ ಜೂಜಿಗೆ ಒಂದು ನಿಧಾನವಿತ್ತು. ಕೂಪನ್ ಕತ್ತರಿಸಬೇಕು, ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಂತು ಮನಿಯಾರ್ಡರು ಬರೆಯಬೇಕು, ಫಲಿತಾಂಶಕ್ಕೆ ಮುಂದಿನ ಸಂಚಿಕೆಗಳ ತನಕ ಕಾಯಬೇಕು. ಪೋಸ್ಟ್ ಮಾಸ್ತರರಿಗೆ ಗೊತ್ತಾಗದೆ ಹಳ್ಳಿಯ ಯಾವನೂ ಪದೇ ಪದೇ ಹಣ ಕಳುಹಿಸುವಂತಿರಲಿಲ್ಲ; ಮಾಸ್ತರರಿಗೆ ಗೊತ್ತಾದದ್ದು ಸಂಜೆಯೊಳಗೆ ಅವನ ತಂದೆಗೆ ಗೊತ್ತಾಗುತ್ತಿತ್ತು. ಕಾಯಿದೆ ತಡೆಯದಿದ್ದರೂ ನಾಚಿಕೆ ತಡೆಯುತ್ತಿತ್ತು. 2016ರಲ್ಲಿ ಯು.ಪಿ.ಐ. ಬಂದ ಮೇಲೆ ಹಣ ಕಳುಹಿಸುವುದು ಕ್ಷಣದ ಕೆಲಸವಾಯಿತು. ಅದು ತರಕಾರಿ ಮಾರುವ ಅಜ್ಜಿಗೂ ಒದಗಿದ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ದಾರಿಯಲ್ಲಿ, ಪಕ್ಕದಲ್ಲಿ ಹೆಂಡತಿ ಮಲಗಿರುವಾಗಲೇ, ಕತ್ತಲಲ್ಲಿ, ತಿಂಗಳ ಸಂಬಳ ಸದ್ದಿಲ್ಲದೆ ಹೊರಟುಹೋಗಬಹುದು. ನೋಡುವ ಕಣ್ಣಿಲ್ಲ, ಬೇಡವೆನ್ನುವ ಬಾಯಿಲ್ಲ. ಸೋತ ಸಿಟ್ಟು ಆರುವ ಮೊದಲೇ ಮುಂದಿನ ಆಟಕ್ಕೆ ಎಲೆ ಹಂಚಿ ಆಗಿರುತ್ತದೆ.

2025ರ ಕಾಯಿದೆ ಹಳೆಯ ತಕ್ಕಡಿಯನ್ನು ಕೆಳಗಿಟ್ಟಿತು. ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆನ್‌ಲೈನಿನಲ್ಲಿ ಆಡುವ ಆಟ ಬೇಡ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಬ್ಯಾಂಕುಗಳು ಅಂಥ ಹಣವನ್ನು ಸಾಗಿಸಕೂಡದು. ಇ-ಸ್ಪೋರ್ಟ್ಸ್‌ಗೂ ಪಣವಿಲ್ಲದ ಆಟಗಳಿಗೂ ಮಾತ್ರ ಪ್ರೋತ್ಸಾಹ. ಇದಕ್ಕೆ ಆಕ್ಷೇಪಗಳು ಎದ್ದುವು. ಅವೆಲ್ಲ ಹುರುಳಿಲ್ಲದವೆಂದು ನಾನು ಹೇಳಲಾರೆ. ಜೂಜಿನ ಮೇಲಿನ ಅಧಿಕಾರ ಸಂವಿಧಾನದಲ್ಲಿ ರಾಜ್ಯಗಳದು, ಕೇಂದ್ರಕ್ಕೆ ಎಲ್ಲಿಂದ ಬಂತು ಎಂಬ ಪ್ರಶ್ನೆ ನ್ಯಾಯವಾದದ್ದು. ಬಾಗಿಲು ಮುಚ್ಚಿದರೆ ಆಟಗಾರ ಪರದೇಶದ ಕಿಟಕಿ ಹುಡುಕಿಯಾನು ಎಂಬ ಭಯವೂ ಸುಳ್ಳಲ್ಲ. ಈ ಕಂಪೆನಿಗಳಲ್ಲಿ ಪ್ರಾಮಾಣಿಕವಾಗಿ ದುಡಿಯುತ್ತಿದ್ದ ಬೆಂಗಳೂರಿನ ಹುಡುಗ ಹುಡುಗಿಯರ ಅನ್ನದ ಪ್ರಶ್ನೆಯೂ ಉಂಟು. ಬೇರೆ ಬೇರೆ ಹೈಕೋರ್ಟುಗಳಿಗೆ, ನಮ್ಮ ಹೈಕೋರ್ಟಿಗೂ, ಹೋಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಿನಲ್ಲಿ ತನ್ನ ಬಳಿಗೇ ತರಿಸಿಕೊಂಡಿತು. ಅಧಿಕಾರ ಯಾರದು ಎಂಬುದನ್ನು ಕಾನೂನು ಬಲ್ಲವರು ತೀರ್ಮಾನಿಸಲಿ.

“ಹಣ ತೆಗೆದರೆ ಆಟವೇ ಸತ್ತುಹೋಗುತ್ತದೆ” ಎಂಬ ವಾದಕ್ಕೆ ಮಾತ್ರ ಇತಿಹಾಸದಲ್ಲಿ ಉತ್ತರವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ ನಡೆಯ ಮೇಲೆ ಹೊಸ ಹೊಸ ಸಮಸ್ಯೆಗಳನ್ನು ಕಟ್ಟಿದರು, ಹಾಸುಗಳನ್ನು ರಚಿಸಿದರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆ ಹಾಸುಗಳನ್ನು ನೋಡುವಾಗ ಬುದ್ಧಿಯ ಬೆರಗು ಕಾಣುತ್ತದೆ. ಪಣದ ಮಾತು ನೆನಪಿಗೇ ಬಾರದು. ಅದಿರಲಿ, ದೂರ ಹೋಗುವುದೇಕೆ? ಪದಬಂಧವನ್ನೇ ನೋಡಿ. ದೊಡ್ಡ ಬಹುಮಾನದ ಸ್ಪರ್ಧೆಗಳು ಕಾಯಿದೆಯ ಹೊಡೆತಕ್ಕೆ ಸಿಕ್ಕಿದುವು, ಆಟ ಸಾಯಲಿಲ್ಲ. ಈಗಲೂ ಕನ್ನಡ ಪತ್ರಿಕೆಗಳ ಮೂಲೆಯಲ್ಲಿ ಅದು ಕಾದು ಕುಳಿತಿರುತ್ತದೆ. ನಿವೃತ್ತ ಮೇಷ್ಟರು ಪೆನ್ಸಿಲ್ ಹಿಡಿದು ಒಂದು ಕಡೆಯಿಂದ, ಮೊಮ್ಮಗಳು ಅವರ ಭುಜದ ಮೇಲಿಂದ ಬಗ್ಗಿ ಇನ್ನೊಂದು ಕಡೆಯಿಂದ, ಅದನ್ನು ತುಂಬುತ್ತಾರೆ. ಸುಳಿವಿಗೆ ಉತ್ತರ ‘ಹಣ’ವೋ ‘ಋಣ’ವೋ ಎಂದು ಜಗಳವಾಡುತ್ತಾರೆ, ತಪ್ಪಾದರೆ ನಗುತ್ತಾರೆ. ಹಣವನ್ನು ತೆಗೆದ ಮೇಲೂ ಯಾರು ಕುಳಿತು ಆಡುತ್ತಾರೋ ಅವರೇ ಆಟದ ನಿಜವಾದ ಬಂಧುಗಳು. ಎದ್ದು ಹೋಗುವವರು ಬಂದದ್ದು ಬೇರೆ ಕೆಲಸಕ್ಕೆ.