ಸ್ಪೀಕ್

ಸ್ಪೀಕ್: ಅಮೆರಿಕದ ಲೇಖಕಿ ಲಾರಿ ಹಾಲ್ಸ್ ಆಂಡರ್ಸನ್ ಹದಿಹರೆಯದವರಿಗಾಗಿ ಬರೆದ ಇಂಗ್ಲಿಷ್ ಕಾದಂಬರಿ. ಫರಾರ್, ಸ್ಟ್ರಾಸ್ ಅಂಡ್ ಜಿರೂ ಪ್ರಕಾಶನ ಸಂಸ್ಥೆ ಇದನ್ನು 1999ರಲ್ಲಿ ಹೊರತಂದಿತು. ಹಿರಿಯ ವಿದ್ಯಾರ್ಥಿಯೊಬ್ಬನಿಂದ ಅತ್ಯಾಚಾರಕ್ಕೊಳಗಾಗಿ, ಅದನ್ನು ಯಾರ ಮುಂದೆಯೂ ಹೇಳಲಾರದೆ, ಬರಬರುತ್ತ ಮಾತನ್ನೇ ಕಳೆದುಕೊಳ್ಳುವ ಹುಡುಗಿಯೊಬ್ಬಳ ಒಂದು ಶಾಲಾವರ್ಷ ಇದರ ವಸ್ತು. ಎಳೆಯರ ಮುಂದೆ ಎತ್ತಬಾರದೆಂದು ಸಮಾಜ ಬದಿಗಿಟ್ಟ ವಿಷಯವನ್ನು ಎಳೆಯರಿಗೇ, ಅವರದೇ ವಯಸ್ಸಿನ ಹುಡುಗಿಯ ಬಾಯಲ್ಲಿ ಹೇಳಿಸಿದ ಕೃತಿಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಇದು ಪಠ್ಯ. ಶಾಲೆಗಳಿಂದ ತೆಗೆದುಹಾಕಬೇಕೆಂಬ ಒತ್ತಾಯ ಮತ್ತೆ ಮತ್ತೆ ಕೇಳಿಬಂದಿರುವ ಪುಸ್ತಕವೂ ಹೌದು.

ಲೇಖಕಿ

ಆಂಡರ್ಸನ್ 1961ರಲ್ಲಿ ನ್ಯೂಯಾರ್ಕ್ ರಾಜ್ಯದ ಪಾಟ್ಸ್‌ಡ್ಯಾಮ್‌ನಲ್ಲಿ ಹುಟ್ಟಿದರು. ತಂದೆ ಮೆಥಡಿಸ್ಟ್ ಪಾದ್ರಿ. ಶಾಲಾದಿನಗಳಲ್ಲಿ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಡಿ ಡೆನ್ಮಾರ್ಕಿಗೆ ಹೋಗಿ ಅಲ್ಲಿನ ಹಂದಿ ಸಾಕುವ ಕುಟುಂಬವೊಂದರ ಜೊತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಪದವಿ ಪಡೆದು, ಪತ್ರಿಕೆಗಳಿಗೆ ವರದಿ ಮಾಡಿ, ಪುಟ್ಟ ಮಕ್ಕಳ ಚಿತ್ರಪುಸ್ತಕಗಳಿಂದ ಸಾಹಿತ್ಯಕ್ಕೆ ಬಂದರು. ಒಂದು ರಾತ್ರಿ ಹುಡುಗಿಯೊಬ್ಬಳು ಬಿಕ್ಕಿ ಬಿಕ್ಕಿ ಅಳುವುದು ಕನಸಿನಲ್ಲಿ ಕೇಳಿ ಎಚ್ಚರವಾಯಿತು. ತಮ್ಮ ಹೆಣ್ಣುಮಕ್ಕಳೇ ಇರಬೇಕೆಂದು ಎದ್ದು ನೋಡಿದರೆ ಅವರು ನಿದ್ದೆಯಲ್ಲಿದ್ದರು. ಆ ಅಳುವಿನ ಬೆನ್ನುಹತ್ತಿ ಅದೇ ರಾತ್ರಿ ಬರೆಯಲು ಕೂತಾಗ ಸಿಕ್ಕ ಧ್ವನಿಯೇ ಕಾದಂಬರಿಯ ನಾಯಕಿ ಮೆಲಿಂಡಾ. ಈ ಕಾದಂಬರಿ ಹುಟ್ಟಿದ ಬಗೆಯನ್ನು ಆಂಡರ್ಸನ್ ಹೇಳುವುದು ಹೀಗೆ. ತಾವೂ 13ನೇ ವಯಸ್ಸಿನಲ್ಲಿ ಅತ್ಯಾಚಾರಕ್ಕೊಳಗಾಗಿದ್ದುದನ್ನು, ಎರಡು ದಶಕಕ್ಕೂ ಹೆಚ್ಚು ಕಾಲ ಅದನ್ನು ಒಳಗೇ ಇಟ್ಟುಕೊಂಡಿದ್ದುದನ್ನು ಅವರು ಆಮೇಲೆ ಬಹಿರಂಗವಾಗಿ ಹೇಳಿಕೊಂಡರು. 2019ರಲ್ಲಿ ಬಂದ ಅವರ ಪದ್ಯರೂಪದ ಆತ್ಮಕಥನ 'ಶೌಟ್' ಅದನ್ನು ವಿವರವಾಗಿ ತೆರೆದಿಡುತ್ತದೆ. ಹಾಗೆಂದು ಸ್ಪೀಕ್ ಅನ್ನು ಮರೆಮಾಚಿದ ಆತ್ಮಕಥೆ ಎಂದು ಓದುವುದು ಸರಿಯಲ್ಲ. ಮೆಲಿಂಡಾಳ ಊರು, ಮನೆ, ನಡೆಯುವ ಘಟನೆ ಎಲ್ಲವೂ ಕಟ್ಟಿದ ಕಥೆ. ಲೇಖಕಿಯ ಬದುಕಿನಿಂದ ಬಂದಿರುವುದು ಮೌನದ ಅನುಭವ.

ಕಥೆ

ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ಮೆರಿವೆದರ್ ಹೈಸ್ಕೂಲಿಗೆ ಮೆಲಿಂಡಾ ಸಾರ್ಡಿನೊ ಒಂಬತ್ತನೇ ತರಗತಿಗೆ ಸೇರುತ್ತಾಳೆ. ಮೊದಲ ದಿನವೇ ಹಳೆಯ ಗೆಳತಿಯರೆಲ್ಲ ಮುಖ ತಿರುಗಿಸುತ್ತಾರೆ. ಬೇಸಿಗೆ ರಜೆಯ ಕೊನೆಯಲ್ಲಿ ನಡೆದ ಪಾರ್ಟಿಯಿಂದ ಪೊಲೀಸರಿಗೆ ಫೋನ್ ಮಾಡಿದವಳು ಅವಳೇ. ಪೊಲೀಸರು ಬಂದರು, ಪಾರ್ಟಿ ಚದುರಿತು, ಕೆಲವರು ಸಿಕ್ಕಿಬಿದ್ದರು. ಏಕೆ ಫೋನ್ ಮಾಡಿದಳೆಂದು ಯಾರೂ ಕೇಳಲಿಲ್ಲ. ಫೋನಿನಲ್ಲಿಯೂ ಅವಳಿಗೆ ಮಾತು ಹೊರಟಿರಲಿಲ್ಲ. ಆ ಪಾರ್ಟಿಯಲ್ಲಿ ಅವಳ ಮೇಲೆ ಅತ್ಯಾಚಾರ ಮಾಡಿದ ಆಂಡಿ ಇವಾನ್ಸ್ ಅದೇ ಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿ, ಎಲ್ಲರಿಗೂ ಬೇಕಾದವನು, ದಿನವೂ ಅದೇ ಕಾರಿಡಾರಿನಲ್ಲಿ ಓಡಾಡುವವನು. ಮೆಲಿಂಡಾಳ ಮಾಜಿ ಗೆಳತಿ ರೇಚಲ್ ಅವನ ಜೊತೆ ಸುತ್ತಾಡಲು ಶುರುಮಾಡಿದಾಗ ಮೆಲಿಂಡಾಗೆ ಸುಮ್ಮನಿರುವುದು ಕಷ್ಟವಾಗುತ್ತದೆ. ಗ್ರಂಥಾಲಯದಲ್ಲಿ ಎದುರುಬದುರು ಕೂತು, ಒಂದೇ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಉತ್ತರ ಬರೆಯುತ್ತ, ಆ ರಾತ್ರಿ ಏನಾಯಿತೆಂದು ಅವಳಿಗೆ ತಿಳಿಸುತ್ತಾಳೆ. ರೇಚಲ್ ಕರಗುತ್ತಾಳೆ, ಮರುಗುತ್ತಾಳೆ. ಯಾರೆಂದು ಕೇಳಿ ಹೆಸರು ಕಂಡ ಕ್ಷಣವೇ ಸುಳ್ಳಿ ಎಂದು ಸಿಡಿದೆದ್ದು ಹೋಗುತ್ತಾಳೆ. ಹೇಳಿದರೆ ಯಾರೂ ನಂಬುವುದಿಲ್ಲ ಎಂಬ ಭಯ ಉತ್ಪ್ರೇಕ್ಷೆಯಲ್ಲ ಎಂಬುದನ್ನು ಇಡೀ ಕಾದಂಬರಿಯಲ್ಲಿ ಇಷ್ಟು ಚುರುಕಾಗಿ ತೋರಿಸುವ ಪುಟ ಇನ್ನೊಂದಿಲ್ಲ.

ಮೆಲಿಂಡಾಳಿಗೆ ಶಾಲೆಯಲ್ಲಿ ಒಂದು ಅಡಗುತಾಣ ಸಿಗುತ್ತದೆ: ಶಾಲೆ ಗುಡಿಸುವವರು ಬಳಸಿ ಬಿಟ್ಟ, ದೂಳು ಹಿಡಿದ ಕೋಣೆ. ಅಲ್ಲಿನ ಕನ್ನಡಿಯಲ್ಲಿ ತನ್ನ ಮುಖ ಕಾಣದಿರಲೆಂದು ಅದರ ಮೇಲೆ ಕವಯಿತ್ರಿ ಮಾಯಾ ಆಂಜೆಲೊ ಅವರ ಪೋಸ್ಟರ್ ತೂಗುಹಾಕುತ್ತಾಳೆ. ಆಂಜೆಲೊ ಪುಸ್ತಕವೊಂದನ್ನು ಆಡಳಿತ ಮಂಡಳಿ ನಿಷೇಧಿಸಿದ್ದರಿಂದ ಗ್ರಂಥಪಾಲಕಿ ಬೇಡವಾದ ಆ ಪೋಸ್ಟರನ್ನು ಅವಳಿಗೆ ಕೊಟ್ಟಿರುತ್ತಾರೆ. ಎಂಟು ವರ್ಷದ ಆಸುಪಾಸಿನಲ್ಲಿ ಅತ್ಯಾಚಾರಕ್ಕೊಳಗಾಗಿ, ಸುಮಾರು ಐದು ವರ್ಷ ಬಾಯಿ ಬಿಡದೆ ಬದುಕಿದವರು ಆಂಜೆಲೊ. ಅದನ್ನು ಬಲ್ಲ ಓದುಗರಿಗೆ ಆ ಗೋಡೆಯ ಚಿತ್ರ ಬರೀ ಅಲಂಕಾರವಾಗಿ ಉಳಿಯುವುದಿಲ್ಲ. ವರ್ಷದ ಕೊನೆಗೆ ಆಂಡಿ ಅದೇ ಕೋಣೆಗೆ ನುಗ್ಗಿ ಮತ್ತೆ ಮೇಲೆ ಬೀಳುತ್ತಾನೆ. ಈ ಬಾರಿ ಅವಳು ಕಿರುಚುತ್ತಾಳೆ, ಪೋಸ್ಟರಿನ ಹಿಂದಿನ ಕನ್ನಡಿ ಒಡೆದು ಚೂರನ್ನು ಅವನ ಕುತ್ತಿಗೆಗೆ ಹಿಡಿಯುತ್ತಾಳೆ. ಹೊರಗಿದ್ದ ಆಟಗಾರ್ತಿಯರು ಬಾಗಿಲು ಬಡಿಯುತ್ತಾರೆ.

ನಿರೂಪಣೆ

ಉತ್ತಮ ಪುರುಷದಲ್ಲಿ, ವರ್ತಮಾನ ಕಾಲದಲ್ಲಿ ಸಾಗುವ ಕಾದಂಬರಿಯಲ್ಲಿ ನಾಲ್ಕು ಭಾಗಗಳಿವೆ. ಒಂದೊಂದೂ ಶಾಲೆಯ ಒಂದು ಪರೀಕ್ಷಾ ಅವಧಿ. ಮೊದಲ ಮೂರು ಭಾಗಗಳ ಕೊನೆಗೆ ಮೆಲಿಂಡಾ ತನ್ನ ಮಾರ್ಕ್ಸ್ ಕಾರ್ಡ್ ತೆರೆದಿಡುತ್ತಾಳೆ. ಗ್ರೇಡುಗಳು ಕುಸಿಯುವುದು ಅಪ್ಪ ಅಮ್ಮನಿಗೆ ಕಾಣುತ್ತದೆ, ಶಿಕ್ಷಕರಿಗೆ ಕಾಣುತ್ತದೆ. ಕಾರಣ ಮಾತ್ರ ಯಾರಿಗೂ ಕಾಣುವುದಿಲ್ಲ. ಮನೆಯಲ್ಲಿ ಮೂವರೂ ಅಡುಗೆಮನೆಯ ಕಟ್ಟೆಯ ಮೇಲೆ ಚೀಟಿ ಬರೆದಿಟ್ಟು ವ್ಯವಹರಿಸುತ್ತಾರೆ. ಅಧ್ಯಾಯಗಳು ತೀರ ಚಿಕ್ಕವು, ಕೆಲವು ಅರ್ಧ ಪುಟವನ್ನೂ ದಾಟುವುದಿಲ್ಲ. ಅಲ್ಲಲ್ಲಿ ಸಂಭಾಷಣೆ ನಾಟಕದ ಮಾದರಿಯಲ್ಲಿ ಬರುತ್ತದೆ: ಪ್ರಾಂಶುಪಾಲರ ಮಾತು, ಅಮ್ಮನ ಮಾತು, ಬಳಿಕ ಮೆಲಿಂಡಾಳ ಹೆಸರಿನ ಮುಂದೆ ಖಾಲಿ ಜಾಗ. ಆ ಖಾಲಿ ಜಾಗ ಓದುಗರ ಕಣ್ಣೆದುರೇ ಇರುವುದರಿಂದ, ಅವಳು ಹೇಳಬೇಕಾದ್ದನ್ನು ಅವರು ತಾವೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕಾಗುತ್ತದೆ.

ಘಟನೆಯ ವಿವರ ಓದುಗರಿಗೆ ಸಿಗುವುದು ಮೂರನೆಯ ಭಾಗದಲ್ಲಿ. ಅಲ್ಲಿಯವರೆಗೆ ಕಾಣುವುದು ಅದರ ಗುರುತುಗಳಷ್ಟೆ: ಕಚ್ಚಿ ಕಚ್ಚಿ ಸಿಪ್ಪೆಯೆದ್ದ ತುಟಿ, ಬಿಗಿಯುವ ಗಂಟಲು, ತಪ್ಪಿಸಿಕೊಂಡ ತರಗತಿಗಳು. ಆ ಹುಡುಗನನ್ನೂ ಅವಳು ಬಹಳ ಕಾಲ ಹೆಸರು ಹಿಡಿದು ಕರೆಯುವುದಿಲ್ಲ, 'ಅದು' ಎನ್ನುತ್ತಾಳೆ. ಈ ತಡೆಹಿಡಿಯುವಿಕೆಯನ್ನು ಕುತೂಹಲ ಕೆರಳಿಸುವ ತಂತ್ರವೆಂದಷ್ಟೇ ನೋಡಿದರೆ ಕೃತಿಯ ತಿರುಳು ಕೈತಪ್ಪುತ್ತದೆ. ಆಘಾತಕ್ಕೊಳಗಾದ ಮನಸ್ಸು ನೆನಪಿನ ಸುತ್ತ ಸುತ್ತುತ್ತದೆ, ಹತ್ತಿರ ಹೋಗುತ್ತದೆ, ಹಿಂದೆಗೆಯುತ್ತದೆ. ಕಾದಂಬರಿಯ ನಡಿಗೆಯೂ ಅದೇ. ಜೊತೆಗೆ ಮೆಲಿಂಡಾ ಒಳಗೊಳಗೆ ಬಲು ಚೂಟಿ. ಶಿಕ್ಷಕರನ್ನೂ ಶಾಲೆಯ ಗುಂಪುಗಳನ್ನೂ ಶಾಲಾ ತಂಡದ ಹೆಸರು ಪದೇ ಪದೇ ಬದಲಾಗುವುದನ್ನೂ ಅವಳು ಮನಸ್ಸಿನಲ್ಲೇ ಚುಚ್ಚುತ್ತಿರುತ್ತಾಳೆ. ಹೊರಗೆ ಮೂಕಳಾದವಳ ಒಳಗೆ ಇಷ್ಟು ಮಾತಿದೆಯಲ್ಲ ಎಂಬುದೇ ಎದೆಗೆ ನಾಟುತ್ತದೆ.

ಚಿತ್ರಕಲೆಯ ಶಿಕ್ಷಕ ಫ್ರೀಮನ್ ಮೊದಲ ತರಗತಿಯಲ್ಲೇ ಒಡೆದ ಭೂಗೋಳವೊಂದರಿಂದ ಚೀಟಿ ಎತ್ತಿಸಿ, ಬಂದ ವಸ್ತುವನ್ನೇ ವರ್ಷವಿಡೀ ಚಿತ್ರಿಸಬೇಕೆನ್ನುತ್ತಾರೆ. ಮೆಲಿಂಡಾಗೆ ಬರುವುದು ಮರ. ಸುಲಭವೆಂದುಕೊಂಡದ್ದು ಕೈಗೇ ಹತ್ತುವುದಿಲ್ಲ. ಲಿನೋಲಿಯಂ ಹಲಗೆಯಲ್ಲಿ ಕೊರೆಯುತ್ತಾಳೆ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮೂಳೆಗಳಿಂದ ಶಿಲ್ಪ ಕಟ್ಟುತ್ತಾಳೆ, ಪಿಕಾಸೊ ಪುಸ್ತಕ ನೋಡಿ ಮರವನ್ನು ಚೌಕ ತ್ರಿಕೋನಗಳಾಗಿ ಒಡೆಯುತ್ತಾಳೆ. ಮರದ ಸಂಕೇತವನ್ನು ಅಲ್ಲಲ್ಲಿ ಅತಿಯಾಗಿ ಒತ್ತಿ ಹೇಳಲಾಗಿದೆ ಎನ್ನಿಸಿದರೂ, ಕೆಡಿಸಿ ಕೆಡಿಸಿ ತಿದ್ದುವ ಈ ಕೆಲಸ ಅವಳ ಚೇತರಿಕೆಗೆ ನಂಬುವಂಥ ವೇಗ ಕೊಟ್ಟಿದೆ. ಇದಕ್ಕಿಂತ ಹರಿತವಾದದ್ದು ಸಮಾಜ ವಿಜ್ಞಾನದ ತರಗತಿಯ ಪ್ರಸಂಗ. ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯರ ಬಗ್ಗೆ ಬರೆದ ಪ್ರಬಂಧವನ್ನು ಗಟ್ಟಿಯಾಗಿ ಓದಲಾರದೆ ಮೆಲಿಂಡಾ ಅದರ ಪ್ರತಿಗಳನ್ನು ತರಗತಿಗೆ ಹಂಚುತ್ತಾಳೆ. ಆ ಹೆಂಗಸರು ಗೆದ್ದದ್ದು ಬಾಯಿ ಬಿಟ್ಟಿದ್ದರಿಂದಲೇ, ಸುಮ್ಮನಿರುವ ಹಕ್ಕಿಗಾಗಿ ಸುಮ್ಮನಿದ್ದು ಹೋರಾಡಲಾಗದು ಎಂಬ ಅರ್ಥದಲ್ಲಿ ಸಹಪಾಠಿ ಡೇವಿಡ್ ಪೆಟ್ರಾಕಿಸ್ ಅವಳಿಗೆ ಹೇಳುತ್ತಾನೆ. ಅವನು ಹೇಳಿದ್ದು ನಿಜ. ಆದರೆ ಅವಳ ಕಷ್ಟ ಅವನಿಗೆ ಗೊತ್ತಿಲ್ಲ ಎಂಬುದೂ ನಿಜ, ಕಾದಂಬರಿ ಎರಡನ್ನೂ ಬಿಟ್ಟುಕೊಡುವುದಿಲ್ಲ.

ಪರಂಪರೆ

ಹದಿಹರೆಯದವರ ಸಾಹಿತ್ಯ ಬೇರೆಯೇ ಪ್ರಕಾರವಾಗಿ ಅಮೆರಿಕದಲ್ಲಿ ಬೇರುಬಿಟ್ಟದ್ದು ಎಸ್. ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್' (1967) ಕಾಲದಿಂದ. ರಾಬರ್ಟ್ ಕಾರ್ಮಿಯರ್ ಅವರ 'ದಿ ಚಾಕಲೇಟ್ ವಾರ್' (1974) ಶಾಲೆಯೊಳಗಿನ ಕ್ರೌರ್ಯವನ್ನೂ ಜೂಡಿ ಬ್ಲೂಮ್ ಅವರ 'ಫಾರೆವರ್' (1975) ಹದಿವಯಸ್ಸಿನ ಲೈಂಗಿಕತೆಯನ್ನೂ ಮುಚ್ಚುಮರೆಯಿಲ್ಲದೆ ಮುಂದಿಟ್ಟವು. ಆ ಕಾಲದಲ್ಲಿ ಒಂದು ಪುಸ್ತಕಕ್ಕೆ ಒಂದು ಸಮಸ್ಯೆ ಎಂಬಂತೆ ಬರೆದ ಕಾದಂಬರಿಗಳೂ ರಾಶಿ ಬಂದವು. ಹಲವುಗಳಲ್ಲಿ ಪಾತ್ರಗಳು ಉಪದೇಶಕ್ಕೆ ನೆಪವಾಗಿದ್ದವು. ಸ್ಪೀಕ್ ಆ ದಾರಿ ಹಿಡಿಯಲಿಲ್ಲ. ಪೊಲೀಸ್ ತನಿಖೆ, ನ್ಯಾಯಾಲಯ, ಶಿಕ್ಷೆ ಯಾವುದೂ ಇದರಲ್ಲಿ ಬರುವುದಿಲ್ಲ. ಬಾಯಿ ಬಿಡುವ ಹಂತಕ್ಕೆ ಮೆಲಿಂಡಾ ತಲುಪಿದಲ್ಲಿಗೆ ಕಥೆ ನಿಲ್ಲುತ್ತದೆ.

ಮನ್ನಣೆ, ಆಕ್ಷೇಪ

ಕೃತಿ 1999ರ ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಸುತ್ತಿಗೆ ಬಂದಿತ್ತು. ಹದಿಹರೆಯದವರ ಸಾಹಿತ್ಯಕ್ಕಾಗಿಯೇ 2000ರಲ್ಲಿ ಆರಂಭವಾದ ಪ್ರಿಂಟ್ಜ್ ಪ್ರಶಸ್ತಿಯ ಮೊದಲ ವರ್ಷ ಗೌರವ ಪಡೆದ ಕೃತಿಗಳಲ್ಲಿ ಇದೂ ಒಂದು. ಆ ಸಲ ಪ್ರಶಸ್ತಿ ಬಂದದ್ದು ವಾಲ್ಟರ್ ಡೀನ್ ಮೈಯರ್ಸ್ ಅವರ 'ಮಾನ್‌ಸ್ಟರ್'ಗೆ. ಆಂಡರ್ಸನ್ ಅವರಿಗೆ 2009ರಲ್ಲಿ ಮಾರ್ಗರೆಟ್ ಎಡ್ವರ್ಡ್ಸ್ ಪ್ರಶಸ್ತಿ, 2023ರಲ್ಲಿ ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಸ್ಮಾರಕ ಪ್ರಶಸ್ತಿ ಸಂದಿವೆ.

ವಿರೋಧವೂ ಬೆನ್ನು ಬಿಡಲಿಲ್ಲ. 2010ರಲ್ಲಿ ಮಿಸೌರಿ ರಾಜ್ಯದ ರಿಪಬ್ಲಿಕ್ ಎಂಬ ಊರಿನ ಶಾಲೆಗಳಲ್ಲಿ ಈ ಪುಸ್ತಕ ಇರಬಾರದೆಂದು ಪ್ರಾಧ್ಯಾಪಕ ವೆಸ್ಲಿ ಸ್ಕ್ರಾಗಿನ್ಸ್ ಪತ್ರಿಕೆಯಲ್ಲಿ ಬರೆದರು. ಅತ್ಯಾಚಾರದ ದೃಶ್ಯಗಳನ್ನು ಅಶ್ಲೀಲ ಸಾಹಿತ್ಯದ ಸಾಲಿಗೆ ಸೇರಿಸಿದರು. ಕರ್ಟ್ ವಾನೆಗಟ್ ಅವರ 'ಸ್ಲಾಟರ್‌ಹೌಸ್-ಫೈವ್', ಸಾರಾ ಆಕ್ಲರ್ ಅವರ 'ಟ್ವೆಂಟಿ ಬಾಯ್ ಸಮ್ಮರ್' ಕೂಡ ಅವರ ಆಕ್ಷೇಪಕ್ಕೆ ಗುರಿಯಾದವು. ಬಳಿಕ ಟ್ವಿಟರ್‌ನಲ್ಲಿ 'ಸ್ಪೀಕ್ ಲೌಡ್ಲಿ' ಎಂಬ ಹ್ಯಾಶ್‌ಟ್ಯಾಗ್‌ನಡಿ ಓದುಗರು, ಶಿಕ್ಷಕರು, ಲೇಖಕರು ಪುಸ್ತಕದ ಪರ ನಿಂತರು. ಬಹಳ ಮಂದಿ ತಮ್ಮ ಮೇಲಾದ ದೌರ್ಜನ್ಯವನ್ನೂ ಅಲ್ಲಿ ಹೇಳಿಕೊಂಡರು. 2011ರಲ್ಲಿ ಶಾಲಾ ಮಂಡಳಿ ಉಳಿದೆರಡು ಪುಸ್ತಕಗಳನ್ನು ತೆಗೆಸಿ ಸ್ಪೀಕ್ ಅನ್ನು ಉಳಿಸಿಕೊಂಡಿತು. ಅಮೆರಿಕದ ಗ್ರಂಥಾಲಯ ಸಂಘದ 2020ರ ಪಟ್ಟಿಯಲ್ಲಿ, ಅತಿ ಹೆಚ್ಚು ಆಕ್ಷೇಪಕ್ಕೊಳಗಾದ ಪುಸ್ತಕಗಳ ನಡುವೆ ಇದು ನಾಲ್ಕನೆಯದು. ಆಗ ಕೊಟ್ಟ ಕಾರಣಗಳಲ್ಲಿ, ಇದು ಹುಡುಗರ ವಿರುದ್ಧ ಪಕ್ಷಪಾತ ತೋರುತ್ತದೆ ಎಂಬುದೂ ಒಂದು. ಈ ಮಾತು ಕೃತಿಗೆ ಮಾಡಿದ ಅನ್ಯಾಯ. ಡೇವಿಡ್‌ನಂಥ ಹುಡುಗನೂ ಫ್ರೀಮನ್‌ರಂಥ ಶಿಕ್ಷಕರೂ ಇರುವ ಕಾದಂಬರಿ ಇದು. ಅಶ್ಲೀಲತೆಯ ಆರೋಪಕ್ಕೆ ಬಂದರೆ, ಅತ್ಯಾಚಾರದ ದೃಶ್ಯಗಳಲ್ಲಿ ಕಾಮೋದ್ರೇಕಕ್ಕೆ ಎಡೆಕೊಡುವ ಒಂದು ವಾಕ್ಯವೂ ಇಲ್ಲ, ಇರುವುದು ದಿಗಿಲು ಮತ್ತು ನೋವು. ಹದಿಮೂರರ ಮಗುವಿನ ಮೇಲೆ ನಡೆಯಬಹುದಾದದ್ದನ್ನು ಹದಿನಾಲ್ಕರ ಮಗು ಓದಬಾರದೆಂಬ ವಾದದಿಂದ ಯಾವ ಮಗುವಿಗೂ ರಕ್ಷಣೆ ಸಿಗುವುದಿಲ್ಲ.

ರೂಪಾಂತರಗಳು, ಓದುಗರು

ಜೆಸಿಕಾ ಶಾರ್ಜರ್ ನಿರ್ದೇಶನದ ಚಲನಚಿತ್ರ 2004ರಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ತೆರೆ ಕಂಡಿತು. ಮೆಲಿಂಡಾಳಾಗಿ ನಟಿಸಿದ್ದು ಆಗಿನ್ನೂ ಹದಿಹರೆಯದಲ್ಲಿದ್ದ ಕ್ರಿಸ್ಟನ್ ಸ್ಟೂವರ್ಟ್. ಎಮಿಲಿ ಕ್ಯಾರೊಲ್ ಚಿತ್ರಗಳೊಂದಿಗೆ ಗ್ರಾಫಿಕ್ ಕಾದಂಬರಿ 2018ರಲ್ಲಿ ಬಂತು. ಮೆರಿವೆದರ್ ಶಾಲೆಯೇ ಹಿನ್ನೆಲೆಯಾಗಿರುವ 'ಕ್ಯಾಟಲಿಸ್ಟ್' (2002) ಆಂಡರ್ಸನ್ ಅವರ ಇನ್ನೊಂದು ಕಾದಂಬರಿ. 'ವಿಂಟರ್‌ಗರ್ಲ್ಸ್' (2009) ಊಟ ಬಿಟ್ಟು ದೇಹವನ್ನು ಸವೆಸಿಕೊಳ್ಳುವ ಹುಡುಗಿಯ ಕಥೆ.

ಓದಿದ ಮಕ್ಕಳು ಲೇಖಕಿಗೆ ಬರೆದ ಕಾಗದಗಳು ಸಾವಿರಾರು. ಅವುಗಳ ಸಾಲುಗಳನ್ನೇ ಹೆಣೆದು ಆಂಡರ್ಸನ್ 'ಲಿಸನ್' ಎಂಬ ಕವಿತೆ ಕಟ್ಟಿದರು. ಅದು ಕಾದಂಬರಿಯ ಮುಂದಿನ ಆವೃತ್ತಿಯಲ್ಲಿ ಸೇರಿತು. ಶಾಲೆಯಿಂದ ಶಾಲೆಗೆ ಹೋಗಿ ಮಾತಾಡುವ ಅವರಿಗೆ ಹುಡುಗರಿಂದ ಎದುರಾದ ಒಂದು ಪ್ರಶ್ನೆಯನ್ನು ಅವರು ಮತ್ತೆ ಮತ್ತೆ ಎತ್ತಿದ್ದಾರೆ: ಮೆಲಿಂಡಾ ಅಷ್ಟೊಂದು ನೊಂದುಕೊಂಡದ್ದೇಕೆ? ಕೇಳಿದವರು ದುಷ್ಟರಲ್ಲ, ಒಪ್ಪಿಗೆ ಎಂದರೇನೆಂದು ಅವರಿಗೆ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರೂ ಕಲಿಸಿಲ್ಲ ಎಂಬುದು ಆಂಡರ್ಸನ್ ಅವರ ನಿಲುವು. ಆ ಕಾರಣಕ್ಕೆ ಈ ಪುಸ್ತಕವನ್ನು ಹುಡುಗಿಯರ ಕೈಗಷ್ಟೇ ಕೊಡುವ ಪದ್ಧತಿ ಬಿಟ್ಟು ಹಲವು ಶಿಕ್ಷಕರು ಇದನ್ನು ಇಡೀ ತರಗತಿಗೆ ಓದಿಸುತ್ತಾರೆ, ಹುಡುಗರ ಪ್ರಶ್ನೆಗಳಿಗೂ ಅಲ್ಲೇ ಉತ್ತರ ಹುಡುಕುತ್ತಾರೆ.