ಅರವತ್ತು ಪ್ರತಿಯ ಪತ್ರಿಕೆಯೂ ಮೂರು ಲಕ್ಷ ಉಲ್ಲೇಖವೂ

ನಮ್ಮ ಕಾಲದ ಅತ್ಯಂತ ಪ್ರಭಾವಿ ನರವಿಜ್ಞಾನಿ ಯಾರು? 2016ರ ನವೆಂಬರಿನಲ್ಲಿ ಈ ಪ್ರಶ್ನೆಗೆ ಕಂಪ್ಯೂಟರೊಂದು ಉತ್ತರ ಕೊಟ್ಟಿತು. ಅಮೆರಿಕದ ಸಿಯಾಟಲ್‌ನಲ್ಲಿ ತಯಾರಾದ 'ಸೆಮ್ಯಾಂಟಿಕ್ ಸ್ಕಾಲರ್' ಎಂಬ ಹುಡುಕುಯಂತ್ರ ಲಕ್ಷಗಟ್ಟಲೆ ಸಂಶೋಧನಾ ಲೇಖನಗಳನ್ನು ಜಾಲಾಡಿ ಒಂದು ಪಟ್ಟಿ ಮಾಡಿತು. ಮೊದಲ ಸ್ಥಾನ ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಅವರಿಗೆ.

ಇಂಥ ರ‍್ಯಾಂಕ್ ಪಟ್ಟಿಗಳ ಆಧಾರ 'ಉಲ್ಲೇಖ'. ಸಂಶೋಧಕರು ಲೇಖನ ಬರೆದಾಗ, ಯಾರ ಯಾರ ಕೆಲಸದ ಮೇಲೆ ಇದು ನಿಂತಿದೆ ಎಂದು ಕೊನೆಯಲ್ಲಿ ಹೆಸರು ಕೊಡುತ್ತಾರಲ್ಲ, ಅದು. ಎಷ್ಟು ಲೇಖನಗಳಲ್ಲಿ ನಿಮ್ಮ ಹೆಸರು ಬಂತೋ ಅಷ್ಟು ಉಲ್ಲೇಖ ನಿಮ್ಮ ಲೆಕ್ಕಕ್ಕೆ.

ಈ ಎಣಿಕೆಯ ಮೂಲ ವಿಜ್ಞಾನದಲ್ಲಿಲ್ಲ, ವಕೀಲರ ಕಪಾಟಿನಲ್ಲಿದೆ! ಒಂದು ಹಳೆಯ ತೀರ್ಪನ್ನು ಮುಂದೆ ಯಾವ ನ್ಯಾಯಾಲಯ ಎತ್ತಿಹಿಡಿಯಿತು, ಯಾವುದು ತಳ್ಳಿಹಾಕಿತು ಎಂದು ತಿಳಿಸುವ 'ಶೆಪರ್ಡ್ಸ್ ಸೈಟೇಶನ್ಸ್' ಅಮೆರಿಕದಲ್ಲಿ 1873ರಲ್ಲೇ ಶುರುವಾಗಿತ್ತು. ಅದನ್ನು ನೋಡಿದ ಯೂಜಿನ್ ಗಾರ್ಫೀಲ್ಡ್, ವಿಜ್ಞಾನಕ್ಕೂ ಇಂಥದ್ದೊಂದು ಸೂಚಿ ಬೇಕು ಎಂದು 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. 1960ರ ದಶಕದಲ್ಲಿ ಫಿಲಡೆಲ್ಫಿಯಾದಿಂದ ಅದನ್ನು ಹೊರತಂದೇಬಿಟ್ಟರು. ಮೊದಲ ಸೂಚಿಯಲ್ಲಿ ಇದ್ದದ್ದು 613 ಪತ್ರಿಕೆಗಳು. ವಕೀಲರ ಪುಸ್ತಕ ಒಪ್ಪಿಗೆಯನ್ನೂ ತಿರಸ್ಕಾರವನ್ನೂ ಬೇರೆಬೇರೆಯಾಗಿ ಗುರುತಿಸುತ್ತಿತ್ತು. ವಿಜ್ಞಾನದ ಎಣಿಕೆಯಲ್ಲಿ ಹೊಗಳಿದರೂ ಒಂದು, ತೆಗಳಿದರೂ ಒಂದು.

ಹೀಗೆ ಎಣಿಸಿದಾಗ ಮೇಲೆ ಬಂದದ್ದು ಯಾವುದು ಗೊತ್ತೇ? ಸೇಂಟ್ ಲೂಯಿಸ್ ನಗರದ ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಲೇಖನ. 2014ರಲ್ಲಿ 'ನೇಚರ್' ಪತ್ರಿಕೆ ಲೆಕ್ಕ ಹಾಕಿದಾಗ ಅದಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖ. ಲೌರಿ ಮೆದುಳಿನ ರಸಾಯನಶಾಸ್ತ್ರದಲ್ಲಿ ದೊಡ್ಡ ಕೆಲಸ ಮಾಡಿದವರು, ಆದರೆ ಆ ಲೇಖನ ಮೆದುಳಿನ ಬಗ್ಗೆ ಅಲ್ಲ. ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆ ಎಂದು ಅಳೆಯುವ ವಿಧಾನ, ಅಷ್ಟೇ. ಅಳೆದವರೆಲ್ಲ ಉಲ್ಲೇಖಿಸಿದರು. ಫ್ರಿಸ್ಟನ್ ಅವರ ಸ್ಥಾನದ ಹಿಂದೆಯೂ ಇಂಥದ್ದೇ ಒಂದು ಸಲಕರಣೆ ಇದೆ. ಮೆದುಳಿನ ಸ್ಕ್ಯಾನ್ ಚಿತ್ರಗಳನ್ನು ವಿಶ್ಲೇಷಿಸಲು ಅವರು ರೂಪಿಸಿದ ವಿಧಾನವನ್ನು ಲೋಕದ ಪ್ರಯೋಗಾಲಯಗಳೆಲ್ಲ ಬಳಸುತ್ತವೆ. ಅವರು ಸಾಮಾನ್ಯರಲ್ಲ, ನಿಜ. ಆದರೂ ಸಲಕರಣೆ ಕೊಟ್ಟವರಿಗೆ ಈ ಲೆಕ್ಕದಲ್ಲಿ ಅಂಕ ಜಾಸ್ತಿ.

ಒಂದೇ ಲೇಖನ ಹೀಗೆ ಲೆಕ್ಕ ಕೆಡಿಸಬಾರದೆಂದು 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ 'ಎಚ್-ಇಂಡೆಕ್ಸ್' ಸೂಚಿಸಿದರು. ಐದು ಲೇಖನಗಳಿಗೆ 20, 9, 4, 3, 1 ಉಲ್ಲೇಖ ಬಂದಿವೆ ಎನ್ನಿ. ಕನಿಷ್ಠ ಮೂರು ಸಲ ಉಲ್ಲೇಖವಾದ ಲೇಖನ ಮೂರಾದರೂ ಇವೆ, ಕನಿಷ್ಠ ನಾಲ್ಕು ಸಲ ಆದವು ನಾಲ್ಕು ಇಲ್ಲ. ಹಾಗಾಗಿ ಎಚ್ 3. ಆ 20 ಇನ್ನೂರಾದರೂ ಎಚ್ ಮೂರೇ. ಮಕ್ಕಳೂ ಬೋರ್ಡಿನ ಮೇಲೆ ಮಾಡಬಹುದಾದ ಲೆಕ್ಕ. ಸುಲಭವಾದ್ದರಿಂದಲೇ ನೇಮಕಾತಿ, ಬಡ್ತಿಗಳಿಗೂ ಅದು ಅಳತೆಗೋಲಾಯಿತು.

ಈಗ ಹಿಂದಕ್ಕೆ, 1888ಕ್ಕೆ ಬನ್ನಿ. ಸ್ಪೇನಿನ ಬಾರ್ಸಿಲೋನಾ. ಸಾಂಟಿಯಾಗೊ ರಮೋನ್ ಇ ಕಹಾಲ್ ಎಂಬ ಪ್ರಾಧ್ಯಾಪಕರು ಇಟಲಿಯ ಗಾಲ್ಗಿ (ಜೀವಕೋಶದ ಪಾಠದಲ್ಲಿ ಬರುವ ಅದೇ ಗಾಲ್ಗಿ) ಕಂಡುಹಿಡಿದ ಬೆಳ್ಳಿಯ ಲವಣದ ಬಣ್ಣಗಾರಿಕೆಯಿಂದ ಹಕ್ಕಿಯ ಮೆದುಳಿನ ತೆಳು ಪದರಗಳನ್ನು ನೋಡುತ್ತಿದ್ದರು. ನರಗಳೆಲ್ಲ ಒಂದಕ್ಕೊಂದು ಬೆಸೆದ ಬಲೆ ಎಂಬುದು ಗಾಲ್ಗಿಯ ಮತ. ಕಹಾಲರಿಗೆ ಕಂಡದ್ದು ಬಿಡಿಬಿಡಿ ಕೋಶಗಳು. ಇದನ್ನು ಪ್ರಕಟಿಸಲು ಅವರು ಸ್ವಂತ ದುಡ್ಡಿನಲ್ಲಿ ಒಂದು ತ್ರೈಮಾಸಿಕವನ್ನೇ ಆರಂಭಿಸಿದರು. ಅಚ್ಚಾದದ್ದು 60 ಪ್ರತಿ. ಭಾಷೆ ಸ್ಪ್ಯಾನಿಷ್. ಹೆಚ್ಚಿನ ಪ್ರತಿಗಳನ್ನು ಹೊರದೇಶದ ವಿದ್ವಾಂಸರಿಗೆ ಅಂಚೆಯಲ್ಲಿ ಕಳಿಸಿದರು. ಆಗ ವಿಜ್ಞಾನದ ಭಾಷೆಗಳೆಂದರೆ ಜರ್ಮನ್, ಫ್ರೆಂಚ್, ಇಂಗ್ಲಿಷ್. ಸ್ಪ್ಯಾನಿಷ್ ಓದುವವರು ಯಾರು?

ಎಚ್-ಇಂಡೆಕ್ಸ್ ಆಗಲೇ ಇದ್ದಿದ್ದರೆ ಕಹಾಲರದ್ದು ಎಷ್ಟಿರುತ್ತಿತ್ತು, ಊಹಿಸಿ. ಕೋಟಿಗಟ್ಟಲೆ ಜನ ಆಡುವ ಸ್ಪ್ಯಾನಿಷಿನ ಪಾಡೇ ಅದಾದರೆ, ಕನ್ನಡದಲ್ಲಿ ವಿಜ್ಞಾನ ಕಲಿಸುವ ನಾವು ಈ ಕತೆಯನ್ನು ಸ್ವಲ್ಪ ಗಮನವಿಟ್ಟು ಓದಬೇಕಾಗುತ್ತದೆ.

ಕಹಾಲ್ ಸುಮ್ಮನೆ ಕೂರಲಿಲ್ಲ. 1889ರಲ್ಲಿ ಜರ್ಮನ್ ಅಂಗರಚನಾ ಸಂಘದ ಸಭೆ ಬರ್ಲಿನ್ನಿನಲ್ಲಿ ಸೇರಿದಾಗ ತಮ್ಮ ಗಾಜಿನ ಸ್ಲೈಡುಗಳನ್ನು ಹೊತ್ತು ಅಲ್ಲಿಗೇ ಹೋದರು. ಬಂದ ಬಂದವರಿಗೆ ಹರುಕುಮುರುಕು ಫ್ರೆಂಚಿನಲ್ಲಿ ವಿವರಿಸುತ್ತಾ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಆಗಿನ ಹಿರಿಯ ವಿದ್ವಾಂಸ ಕೋಲಿಕರ್ ನೋಡಿದರು, ಒಪ್ಪಿದರು. ಎಪ್ಪತ್ತು ದಾಟಿದ ಆ ಮುದುಕರು ಕಹಾಲರ ಬರಹ ಓದಬೇಕೆಂದೇ ಸ್ಪ್ಯಾನಿಷ್ ಕಲಿತರಂತೆ! 1906ರಲ್ಲಿ ಗಾಲ್ಗಿಗೂ ಕಹಾಲರಿಗೂ ನೊಬೆಲ್ ಒಟ್ಟಿಗೇ ಬಂತು. ಗಾಲ್ಗಿ ಆ ವೇದಿಕೆಯಲ್ಲೂ ಬಲೆಯ ವಾದವನ್ನು ಬಿಡಲಿಲ್ಲ.

1904ರಲ್ಲಿ ಮುಗಿದ ಕಹಾಲರ ಸ್ಪ್ಯಾನಿಷ್ ಮಹಾಗ್ರಂಥ ಕೆಲವೇ ವರ್ಷಗಳಲ್ಲಿ ಫ್ರೆಂಚಿಗೆ ಬಂತು. ಪೂರ್ತಿಯಾಗಿ ಇಂಗ್ಲಿಷಿಗೆ ಬರಲು 1995ರವರೆಗೆ ಕಾಯಬೇಕಾಯಿತು. ಇಂದಿನ ಲೇಖನಗಳಲ್ಲೂ ಅವರ ಹೆಸರು ಬರುತ್ತದೆ. ಆದರೆ ನರಕೋಶ ಬಿಡಿಯಾಗಿದೆ ಎಂಬ ಮಾತು ಎಷ್ಟು ಸಾಮಾನ್ಯವಾಗಿದೆಯೆಂದರೆ, ಶಾಲೆಯ ಪಾಠಪುಸ್ತಕದಲ್ಲಿ ನರಕೋಶದ ಚಿತ್ರ ಬರೆಯುವಾಗ ಅದರ ಕೆಳಗೆ ಯಾರೂ ಕಹಾಲರ ಹೆಸರು ಹಾಕುವುದಿಲ್ಲ. ಆ ಚಿತ್ರಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ.